ಸಿಂಬಿ ಸುತ್ತಿಕೊಳ್ಳುವಷ್ಟು ಹೊತ್ತು

ಲೋಕೇಶನಿಗೆ ಕಷ್ಟ ಶುರುವಾದದ್ದು ಕನಿಕರದಿಂದ.

ಓದಲೆಂದು ಪರದೇಶಕ್ಕೆ ಬಂದು ಮಿಲ್ಟನ್ನಿನಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಬೇಸ್‌ಮೆಂಟಿನ ನಟ್ಟನಡುವೆ, ಕಂಬ ಇರಬೇಕಾದ ಕಡೆ, ಒಬ್ಬ ಕಲ್ಲಿನ ಗಂಡಸು ನಿಂತಿದ್ದ. ತಲೆಗೆ ಸಿಂಹದ ಚರ್ಮ, ಹೆಗಲ ಮೇಲೆ ಮನೆಯ ತೊಲೆ, ಮೈಮೇಲೆ ಬೇರೇನಿಲ್ಲ. ಮನೆ ಕಟ್ಟಿಸಿದ ಗ್ರೀಕ್ ಮುದುಕ ನಿಲ್ಲಿಸಿ ಹೋದದ್ದಂತೆ. ಈಗಿನ ಯಜಮಾನ ಚಂದ್ರಮೋಹನ ನಿವೃತ್ತ ಎಂಜಿನಿಯರು. ಮೊದಲ ದಿನವೇ ಎಚ್ಚರಿಸಿದ್ದರು: "ಹರ್ಕ್ಯುಲಿಸ್ ಅಂತ. ಅವರ ಪುರಾಣದ ಭೀಮ ಅನ್ಕೊಳಿ. ಒಂದ್ಸಲ ಆಕಾಶಾನೇ ಹೊತ್ತಿದ್ನಂತೆ. ಲೋಡ್ ಬೇರಿಂಗು, ಮುಟ್ಬೇಡಿ."

ಹದಿನೆಂಟನೇ ಇಸವಿಯ ಫೆಬ್ರವರಿ. ಆ ಮಧ್ಯಾಹ್ನ ಹಿಮ ಬಿದ್ದು ಕಿಟಕಿ ಮುಚ್ಚಿಹೋಗಿತ್ತು. ಲೋಕೇಶ ವೇರ್‌ಹೌಸಿನ ಶಿಫ್ಟಿಗೆ ಹೊರಟಿದ್ದ. ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಎಂದು ಮ್ಯಾನೇಜರು ಹೇಳಿಯಾಗಿತ್ತು. ಆ ಕೆಲಸ ಹೋದರೆ ಫೀಸಿಲ್ಲದೆ ಕಾಲೇಜೂ ಹೋದಂತೆ. ಅಷ್ಟರಲ್ಲಿ ಯಾರೋ ಉಸಿರುಬಿಟ್ಟರು; ಹುಲ್ಲಿನ ಹೊರೆ ಹೊತ್ತು ದಿಬ್ಬ ಹತ್ತಿದವರು ಬಿಡುವಂಥ ಉಸಿರು. ಹೀಟರಿರಬೇಕು ಅಂದುಕೊಂಡ. ಹೀಟರು ಆರಿತ್ತು. ಕಲ್ಲಿನ ಹಣೆಯಿಂದ ಒಂದು ಹನಿ ಬೆವರು ಇಳಿದು ನೆಲಕ್ಕೆ ತೊಟ್ಟಿಕ್ಕಿತು.

"ಸ್ವಲ್ಪ ಹೆಗಲು ಕೊಡಪ್ಪ," ಎಂದಿತು ವಿಗ್ರಹ. "ಒಂದು ಸಿಂಬಿ ಸುತ್ಕೊಂಡುಬಿಡ್ತೀನಿ."

ಲೋಕೇಶ ಕೇಳಿದ: "ಕನ್ನಡ ಎಲ್ಲಿ ಕಲ್ತ್ರಿ?"

"ಮೇಲಿನವರ ಜಗಳ ಕೇಳಿ ಕೇಳಿ."

ಲೋಕೇಶ ನಾಗಮಂಗಲದ ಕಡೆಯವನು. ಹೊರೆ ಹೊತ್ತವರು ಕೈ ಕೇಳಿದರೆ ಹಗೆಯಾದರೂ ಕೊಡಬೇಕು, ಕೊಡದೆ ಹೋದವನ ಹೊರೆಯನ್ನು ಮುಂದೆ ಯಾರೂ ಇಳಿಸುವುದಿಲ್ಲ ಎಂದು ಕೇಳಿ ಬೆಳೆದವನು. ಕೇಳಿದ್ದು ಕಲ್ಲೋ ಮನುಷ್ಯನೋ ಎಂದು ವಿಚಾರಿಸುವ ಪದ್ಧತಿ ಅದರಲ್ಲಿಲ್ಲ. ಟವೆಲ್ಲನ್ನು ಕಲ್ಲಿನ ಕೈಗಿತ್ತು, ತೊಲೆಯ ಕೆಳಗೆ ಹೆಗಲು ಕೊಟ್ಟ. ಮೇದು ಬಂದ ಎಮ್ಮೆ ಒರಗಿದಂತೆ ಮನೆ ಅವನ ಮೇಲೆ ಒರಗಿತು.

ಹರ್ಕ್ಯುಲಿಸ್ ಸಿಂಬಿಯನ್ನು ಚೊಕ್ಕವಾಗಿ ಸುತ್ತಿದ. ಅದನ್ನು ಲೋಕೇಶನ ಹೆಗಲಿಗೇ ಇಟ್ಟ. ಆಮೇಲೆ ಗೂಟದಲ್ಲಿದ್ದ ಲೋಕೇಶನ ಇನ್ನೊಂದು ಪ್ಯಾಂಟು, ಜಾಕೆಟ್ಟು, ಬಾಗಿಲ ಬಳಿಯ ಬೂಟುಗಳನ್ನು ತೊಟ್ಟು, ಕೊರಳಿಗೆ ಅವನ ಐಡಿ ಕಾರ್ಡು ತಗಲಿಸಿಕೊಂಡು, ಸಪ್ಪಳವಿಲ್ಲದೆ ಮೆಟ್ಟಿಲು ಹತ್ತಿ ಹೋದ.

ಲೋಕೇಶನ ಕೂಗಿಗೆ ಮೇಲಿನ ಗಂಡಹೆಂಡಿರಿಬ್ಬರೂ ಇಳಿದುಬಂದರು. ಚಂದ್ರಮೋಹನ ಬೆರಳ ಗೆಣ್ಣಿನಿಂದ ಮೊದಲು ತೊಲೆಯನ್ನು ತಟ್ಟಿದರು, ಆಮೇಲೆ ಲೋಕೇಶನ ಭುಜವನ್ನು. ಎರಡೂ ಗಟ್ಟಿಯಾಗಿವೆ ಎಂದರು.

"ಸಾರ್, ಏನಾರ ಆನಿಸಿ ನಿಲ್ಸಿ, ಶಿಫ್ಟೈತೆ," ಎಂದು ಲೋಕೇಶ ಗೋಗರೆದ. ಪರ್ಮಿಟ್ ಇಲ್ಲದೆ ಆಗುವುದಿಲ್ಲ, ಹಿಮ ಕರಗುವವರೆಗೆ ಕೆಲಸದವರೂ ಬರುವುದಿಲ್ಲ, ಅಲ್ಲಿಯವರೆಗೆ ಸೀನಬಾರದು ಎಂದು ಅವರು ತಿಳಿಹೇಳಿದರು.

ಹೆಂಡತಿ ಸುಜಾತಾ ಮಾತ್ರ ಅವನನ್ನು ಮೇಲಿಂದ ಕೆಳಗೆ ನೋಡಿ ಸಮಾಧಾನಪಟ್ಟರು. "ಇವನಾದ್ರೆ ಬಟ್ಟೆ ಹಾಕಿದಾನೆ ಕಣ್ರೀ. ಇನ್ಮೇಲೆ ನವರಾತ್ರಿಗೆ ಹೆಂಗಸರನ್ನ ಕೆಳಗೆ ಕೂರಿಸಬಹುದು."

ಅವರು ದೀಪ ಆರಿಸಿ ಹೋದರು. ಕತ್ತಲಲ್ಲಿ ಲೋಕೇಶನ ಕಾಲ್ಬೆರಳು ತಣ್ಣಗಾಯಿತು. ತಂಪು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಏರಿತು. ನೋವು ಮಾತ್ರ ಕಡಿಮೆಯಾಗುತ್ತ ಬಂತು. ಅದಕ್ಕೇ ಅವನಿಗೆ ಹೆಚ್ಚು ದಿಗಿಲಾದದ್ದು.

ರಾತ್ರಿ ಬೂಟಿನ ಸದ್ದಾಯಿತು. ಬಂದವನ ಕೆನ್ನೆ ಚಳಿಗೆ ಕೆಂಪಾಗಿತ್ತು. ಬಾಯಿಂದ ಹಬೆ ಬರುತ್ತಿತ್ತು. ಇಡೀ ಟ್ರೇಲರಿನ ಸರಕನ್ನು ಒಬ್ಬನೇ ಇಳಿಸಿದೆನೆಂದೂ ಮ್ಯಾನೇಜರು ಬೆನ್ನು ತಟ್ಟಿದನೆಂದೂ ಹೇಳಿದ. "ಹೆದರ್ಬೇಡ. ಲೋಕೇಶನ ಕೆಲಸ ಪರ್ಮನೆಂಟಾಯ್ತು."

ಮೇಲಿನಿಂದ ಸುಜಾತಾ ಕರೆದರು: "ಲೋಕೇಶಾ, ಬಂದ್ಯೇನಪ್ಪ? ಊಟಕ್ಕೆ ಬಾ, ಬಿಸಿ ಇದೆ."

ಲೋಕೇಶ ಓಗೊಡಲು ಹೊರಟ. ಕಲ್ಲಾದ ನಾಲಗೆ ಏಳಲಿಲ್ಲ.

"ಬಂದೆ ಕಣಾಂಟಿ, ಕೈಕಾಲ್ ತೊಳ್ಕಂಡು ಬತ್ತೀನಿ," ಎಂದ ಬೂಟು ಬಿಚ್ಚುತ್ತಿದ್ದವನು, ಅಪ್ಪಟ ನಾಗಮಂಗಲದ ರಾಗದಲ್ಲಿ.