ಐದು ನಿಮಿಷ ತಡವಾದ ಅಪ್ಪ

ದಾಂಡೇಲಿಯಲ್ಲಿ ಸಫಾರಿ ಜೀಪು ಓಡಿಸುವವನು ಪೂರ್ತಿ ಸತ್ಯವಂತನಾಗಿ ಬದುಕುವುದು ಕಷ್ಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲ್ಲೆಲ್ಲಿಂದಲೋ ಬಂದ ಜನ ಬೆಳಗಿನ ಚಳಿಯಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು, ಕೊರಳಿಗೆ ಭಾರದ ಕ್ಯಾಮೆರಾ ನೇತುಹಾಕಿಕೊಂಡು ಕುಳಗಿಯಲ್ಲಿ ಜೀಪು ಹತ್ತುತ್ತಾರೆ. ಅವರಿಗೆ ಹುಲಿ ಬೇಕು. ಹುಲಿ ಇಲ್ಲದಿದ್ದರೆ ಕರಿಚಿರತೆಯಾದರೂ ನಡೆದೀತು ಎನ್ನುವ ಉದಾರ ಮನಸ್ಸಿನವರೂ ಇದ್ದಾರೆ. ಕಾಡು ಮಾತ್ರ ನಾಲ್ಕು ಜಿಂಕೆ, ಒಂದು ನವಿಲು, ಮರದ ತುದಿಯಲ್ಲಿ ಮಂಗಟ್ಟೆ ಹಕ್ಕಿಯ ರೆಕ್ಕೆಸದ್ದು, ಇಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆಗ ನಾನು ಜೀಪು ನಿಲ್ಲಿಸಿ, ಇಳಿದು, ಧೂಳಿನಲ್ಲಿ ಒಂದು ಹೆಜ್ಜೆ ಗುರುತು ಹುಡುಕಿ, ದನಿ ತಗ್ಗಿಸಿ ಹೇಳುತ್ತೇನೆ: "ಈಗಷ್ಟ ಹೋಗೇತಿ ನೋಡ್ರಿ ಸರ್. ಐದು ನಿಮಿಷ ಮೊದಲ ಬಂದಿದ್ರ ಸಿಗ್ತಿತ್ತು." ಆ ಹೆಜ್ಜೆ ಮೊನ್ನೆಯದೆಂದು ನನಗೆ ಗೊತ್ತಿರುತ್ತದೆ. ಆದರೆ ಅವರ ಮುಖ ಅರಳುತ್ತದಲ್ಲ, ಅದಕ್ಕಾಗಿ ದೇವರು ಕ್ಷಮಿಸುತ್ತಾನೆ ಎಂದುಕೊಂಡಿದ್ದೆ. ಕ್ಷಮಿಸಲಿಲ್ಲ. ನನ್ನ ಮಗಳು ಹುಟ್ಟಿದ ಮೊದಲ ವರ್ಷವಿಡೀ ಅದೇ ಮಾತನ್ನು ನನಗೇ ಕೇಳಿಸಿದ.

ಮಗಳ ಹೆಸರು ತಾರಾ. ದೀಪಾವಳಿ ಕಳೆದ ವಾರ ಹಳಿಯಾಳದಲ್ಲಿ, ನನ್ನ ಹೆಂಡತಿ ಗಿರಿಜಾಳ ತವರಿನಲ್ಲಿ ಹುಟ್ಟಿದಳು. ಹುಟ್ಟುವಾಗಲೇ ನಾನಿರಲಿಲ್ಲ. ಒಂಬತ್ತು ಜನರ ಒಂದು ಕುಟುಂಬಕ್ಕೆ ಕಾಡೆಮ್ಮೆ ತೋರಿಸುತ್ತಿದ್ದೆ. ಅವರಿಗೆ ಕಾಡೆಮ್ಮೆ ಸಿಕ್ಕಿತು, ನನಗೆ ಸುದ್ದಿ ಸಿಕ್ಕಿತು. ಹಳಿಯಾಳವೇನು ದೂರವಲ್ಲ, ಬೈಕಿನಲ್ಲಿ ಮುಕ್ಕಾಲು ಗಂಟೆ. ಗಾಳಿಯಂತೆ ಹೋದೆ. ನಮ್ಮ ಅತ್ತೆ ಬಾಗಿಲಲ್ಲೇ ನಿಂತು, "ಬರ್ರಿ ಅಳಿಯಾರ, ಈಗಷ್ಟ ಕೂಸು ಕಣ್ಣು ಬಿಟ್ಟು ಎಲ್ಲಾರನ್ನೂ ನೋಡ್ತು. ಐದು ನಿಮಿಷ ಮೊದಲ ಬರಬೇಕಿತ್ರಿ" ಎಂದರು. ಮಗು ಗಾಢ ನಿದ್ದೆಯಲ್ಲಿತ್ತು. ಆ ಮಾತು ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತಾದರೂ ಆ ಹೊತ್ತಿನ ಸಂತೋಷದಲ್ಲಿ ನನಗೆ ಹೊಳೆಯಲಿಲ್ಲ.

ನಮ್ಮ ಅತ್ತೆಯದೊಂದು ಪದ್ಧತಿ. ಮನೆಯ ಕೂಸು ಹೊಸತೇನು ಮಾಡಿದರೂ ಅವತ್ತೇ ಸಿಹಿ ಮಾಡಿ ಓಣಿಗೆಲ್ಲ ಹಂಚಬೇಕು. ನಕ್ಕರೆ ಸಕ್ಕರೆ, ಮಗ್ಗುಲಾದರೆ ಸಜ್ಜಕ, ಕುಳಿತರೆ ಉಂಡಿ, ಹೊಸ್ತಿಲು ದಾಟಿದರೆ ಕಡಬು. ಹೀಗಾಗಿ ಮಗಳ ಬೆಳವಣಿಗೆಯೆಲ್ಲ ನನ್ನ ಕಣ್ಣಿಗೆ ಬಾರದೆ ನೇರವಾಗಿ ಬಾಯಿಗೆ ಬಂತು. ವಾರಕ್ಕೊಮ್ಮೆ ಹಳಿಯಾಳಕ್ಕೆ ಹೋದಾಗ ಅತ್ತೆ ಮುಚ್ಚಿಟ್ಟ ತಟ್ಟೆ ತಂದಿಡುವರು. ನಾನು ಮುಚ್ಚಳ ತೆಗೆದು, "ಓಹೋ, ಸಜ್ಜಕ! ಡಬ್ಬ ಬಿದ್ಲೇನು?" ಎಂದು ಕೇಳುವೆ. "ನಿನ್ನೆ ಸಂಜಿಮುಂದ ಬಿದ್ಲರಿ. ಏನು ಚೆಂದ ಮಗ್ಗಲಾದ್ಲು ಅಂತೀರಿ!" ಎಂದು ಅವರು ಕೈಯಾಡಿಸಿ ತೋರಿಸುವರು. ಅರವತ್ತು ದಾಟಿದ ನಮ್ಮ ಅತ್ತೆ ಮಗ್ಗುಲಾಗುವ ಬಗೆಯನ್ನು ನಾನು ಹಲವು ಸಲ ನೋಡಿದ್ದೇನೆ, ನನ್ನ ಮಗಳದನ್ನು ನೋಡಿಲ್ಲ.

ವಿಡಿಯೋ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಗಿರಿಜಾ ಬಹಳ ಪ್ರಯತ್ನಪಟ್ಟಳು. ಆದರೆ ಫೋನು ಕಂಡ ಕೂಡಲೇ ತಾರಾ ಮಾಡುತ್ತಿದ್ದ ಕೆಲಸ ಬಿಟ್ಟು ಅದನ್ನು ತಿನ್ನಲು ಬರುತ್ತಿದ್ದಳು. ನನ್ನ ಫೋನಿನಲ್ಲಿ ಇವತ್ತಿಗೂ ಹದಿನಾಲ್ಕು ವಿಡಿಯೋಗಳಿವೆ. ಹದಿನಾಲ್ಕರಲ್ಲೂ ಒಂದು ಬೊಚ್ಚುಬಾಯಿ ದೊಡ್ಡದಾಗುತ್ತ ದೊಡ್ಡದಾಗುತ್ತ ಬಂದು ಕೊನೆಗೆ ಕತ್ತಲಾಗುತ್ತದೆ.

ಐದು ತಿಂಗಳು ತುಂಬಿ, ಯುಗಾದಿಯ ಹೊತ್ತಿಗೆ ತಾಯಿ ಮಗಳು ದಾಂಡೇಲಿಗೆ ಬಂದರು. ತೊಟ್ಟಿಲ ಜೊತೆ ಅತ್ತೆಯೂ ಬಂದರು. ಇನ್ನು ಎಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತದೆ ಎಂದು ಹಿಗ್ಗಿದೆ. ಆದರೆ ಅದು ಬೇಸಿಗೆ ರಜೆ. ದಿನಕ್ಕೆರಡು ಸಫಾರಿ. ನಾನು ಹೋದಾಗ ಮಲಗಿರುತ್ತಿದ್ದಳು, ಬಂದಾಗ ಮತ್ತೆ ಮಲಗಿರುತ್ತಿದ್ದಳು. ನಡುವೆ ಆಕೆ ಕುಳಿತಳೆಂಬುದಕ್ಕೆ ಉಂಡಿಯೇ ಸಾಕ್ಷಿ. ಮಳೆಗಾಲ ಬಂದು ಸಫಾರಿ ನಿಂತಾಗ ಇನ್ನು ನಾಲ್ಕು ತಿಂಗಳು ಮನೆಯಲ್ಲೇ ಎಂದುಕೊಂಡರೆ, ನಮ್ಮ ಜೀಪಿನ ಮಾಲೀಕರು ಕಾರಿನ ಕೀಲಿ ಕೈಗಿಟ್ಟು ಕಾರವಾರದ ಕಡೆಗೆ ಅತಿಥಿಗಳನ್ನು ಬಿಟ್ಟು ಬರಲು ಅಟ್ಟಿದರು. ಅಣಶಿ ಘಟ್ಟದಲ್ಲಿ ಫೋನು ಸತ್ತಂತೆ. ಒಂದು ದಿನ ಹಿಂದಿರುಗುವಾಗ ಜೋಯಿಡಾ ಹತ್ತಿರ ಬಂದ ಕೂಡಲೇ ಫೋನು ಒಂದೇ ಸಮನೆ ಕೂಗತೊಡಗಿತು. ನೋಡಿದರೆ ಮನೆಯಿಂದ ಹನ್ನೊಂದು ಕರೆ. ನನ್ನ ಎದೆ ಧಸಕ್ಕೆಂದಿತು. ಗಾಡಿ ಪಕ್ಕಕ್ಕೆ ಹಾಕಿ ಫೋನು ಮಾಡಿದರೆ ಆಚೆಯಿಂದ ಗಿರಿಜಾ, "ರೀ, ತಾರಾ ಹೊಸ್ತಿಲಾ ದಾಟಿದ್ಲು! ನೀವು ಎಲ್ಲಿದ್ರಿ?" ಎಂದಳು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಅತ್ತೆನೋ ನಕ್ಕೆನೋ ನೆನಪಿಲ್ಲ. ಮನೆಗೆ ಹೋದಾಗ ಕಡಬು ತಣ್ಣಗಾಗಿತ್ತು.

ಅವತ್ತೇ ಶಪಥ ಮಾಡಿದೆ. ನಗು ಹೋಯಿತು, ಮಗ್ಗುಲು ಹೋಯಿತು, ಹೊಸ್ತಿಲೂ ಹೋಯಿತು. ಮೊದಲ ಹೆಜ್ಜೆಯನ್ನಂತೂ ಬಿಡುವುದಿಲ್ಲ, ಅದನ್ನು ಈ ಕಣ್ಣಿನಿಂದಲೇ ನೋಡುತ್ತೇನೆ. ಹಾಗೆಂದು ಊಟದ ಹೊತ್ತಿನಲ್ಲಿ ಗಟ್ಟಿಯಾಗಿಯೇ ಘೋಷಿಸಿದೆ. ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡೆನೆಂದು ಕಾಣುತ್ತದೆ. ಅತ್ತೆ, ಗಿರಿಜಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾರು ಖಾರವಾಗಿತ್ತು ಎಂದು ನಾನು ಸಮಜಾಯಿಷಿ ಕೊಟ್ಟೆ.

ಮಳೆ ಹಿಂದೆಗೆದು ಸಫಾರಿ ಮತ್ತೆ ತೆರೆಯಿತು. ಅಷ್ಟರಲ್ಲಿ ತಾರಾ ಗೋಡೆ ಹಿಡಿದು ನಿಲ್ಲತೊಡಗಿದ್ದಳು. ಇವತ್ತೋ ನಾಳೆಯೋ ನಡೆಯುತ್ತಾಳೆ ಎನ್ನುವಾಗ ನಾನು ಮಾಲೀಕರಿಗೆ ಜ್ವರವೆಂದು ಹೇಳಿ ಎರಡು ದಿನ ಮನೆಯಲ್ಲೇ ಕಾದು ಕುಳಿತೆ. ಚಹಾ ಕುಡಿಯುವಾಗಲೂ ಬಟ್ಟಲಿನ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದೆ. ಅವಳೂ ಬೆರಳು ಚೀಪುತ್ತ ನನ್ನನ್ನೇ ನೋಡುತ್ತಿದ್ದಳು. ಎರಡು ದಿನ ಹೀಗೇ ನೋಡಿಕೊಂಡೆವು. ಅತ್ತೆಗೆ ತಡೆಯಲಾಗಲಿಲ್ಲ. "ಅಳಿಯಾರ, ನೀವು ಹಂಗ ಕಣ್ಣು ಕಿಸಗೊಂಡು ಕುಂತ್ರ ಹುಲಿನೂ ಅಂಜಿ ಕುಂದರತೈತಿ. ಕೂಸು ಹೆಂಗ ನಡದೀತ್ರಿ?" ಎಂದರು. ಗುರುವಾರ ಮಾಲೀಕರು ನನ್ನ ಜ್ವರಕ್ಕೆ ಗಡುವು ಕೊಟ್ಟರು. ಅಣಶಿಯಲ್ಲಿ ಮೂರು ದಿನ ಹಕ್ಕಿ ನೋಡುವವರ ತಂಡವೊಂದಿತ್ತು. ಹೊರಡುವಾಗ ತಾರಾಳ ಕಾಲು ಹಿಡಿದು, "ಭಾನುವಾರದ ತನಕ ತಡಕೋ ನನ್ನವ್ವಾ" ಎಂದು ಬೇಡಿಕೊಂಡೆ.

ತಡೆದುಕೊಂಡಳು! ಭಾನುವಾರ ಬೆಳಿಗ್ಗೆ ನಾನು ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಗಿರಿಜಾ, "ಲಗೂನ ಕಾಲು ತೊಕ್ಕೊಂಡು ಬಂದು ಇಲ್ಲಿ ಕುಂದರ್ರಿ. ಅಲ್ಲಲ್ಲ, ಇಲ್ಲಿ" ಎಂದು ಪಡಸಾಲೆಯ ನಡುವೆ ಕೂರಿಸಿದಳು. ಅತ್ತೆ ಎದುರು ಗೋಡೆಯ ಬಳಿ ಮಗುವನ್ನು ನಿಲ್ಲಿಸಿಕೊಂಡಿದ್ದರು. ಪಕ್ಕದ ಮನೆಯ ರೋಜಿನಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಈ ರೋಜಿನಾಬಾಯಿ ಹಳಿಯಾಳ ಕಡೆಯ ಸಿದ್ದಿ ಹೆಂಗಸು, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಇನ್ನೂರು ಮಕ್ಕಳನ್ನು ಒಂದೇ ಕೂಗಿಗೆ ಸಾಲಿನಲ್ಲಿ ಕೂರಿಸುವ ಕಂಠ ಅವಳದು. ಅಂಥವಳು ಅವತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡು ಮೂಕಿಯಂತೆ ನಿಂತಿದ್ದಳು. ಅತ್ತೆ ಕೈ ಬಿಟ್ಟರು. ತಾರಾ ಒಮ್ಮೆ ಓಲಾಡಿ, ಒಂದು ಹೆಜ್ಜೆ ಇಟ್ಟಳು. ಎರಡು. ಮೂರು. ಐದನೆಯದಕ್ಕೆ ಬಂದು ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಗಂಡಸು, ಜೀಪು ಓಡಿಸುವವನು, ಆನೆ ಎದುರಿಗೆ ಬಂದಾಗ ರಿವರ್ಸ್ ಹಾಕಿದವನು, ಎಲ್ಲರೆದುರು ಹೋ ಎಂದು ಅತ್ತುಬಿಟ್ಟೆ. ಮೊದಲ ಹೆಜ್ಜೆಗೆ ಹೋಳಿಗೆ. ಬಿಸಿ ಬಿಸಿ ಹೋಳಿಗೆಯ ಬುಟ್ಟಿ ಹಿಡಿದು ನಾನೇ ಓಣಿಯ ಮನೆಮನೆಗೆ ಹೋಗಿ, "ನನ್ನ ಮುಂದನ ಹೆಜ್ಜಿ ಇಟ್ಲರಿ, ನಾನ ಮೊದಲ ನೋಡಿದೆ" ಎಂದು ಹೇಳಿದೆ. ಓಣಿಯವರೆಲ್ಲ ಬಹಳ ಆಶ್ಚರ್ಯಪಟ್ಟರು. ಈಗ ನೆನೆಸಿಕೊಂಡರೆ ಸ್ವಲ್ಪ ಹೆಚ್ಚೇ ಆಶ್ಚರ್ಯಪಟ್ಟರು.

ಮಧ್ಯಾಹ್ನ ಟವೆಲು ಒಣಹಾಕಲು ಹಿತ್ತಲಿಗೆ ಹೋದೆ. ಅಲ್ಲಿ ತಗಡಿನ ಮಾಡಿನ ಕೆಳಗೆ ಮಣ್ಣಿನ ನೆಲ. ಅತ್ತೆ ಪ್ರತಿ ಶುಕ್ರವಾರ ಅದನ್ನು ಸಗಣಿಯಿಂದ ಸಾರಿಸುತ್ತಾರೆ. ಸಾರಿಸಿ ಒಣಗಿದ ಆ ನೆಲದ ಮೇಲೆ, ಹಸಿಯಿದ್ದಾಗಲೇ ಮೂಡಿದ ಪುಟ್ಟ ಪಾದಗಳ ಗುರುತು. ಬಗ್ಗಿ ನೋಡಿದೆ. ಬೇಡವೆಂದರೂ ಕಣ್ಣು ಸುಮ್ಮನಿರಬೇಕಲ್ಲ! ಏಳು ಹೆಜ್ಜೆ, ಹಿಮ್ಮಡಿ ಆಳವಾಗಿ ಊರಿದೆ, ಪಕ್ಕದಲ್ಲಿ ದೊಡ್ಡವರ ಪಾದವಿಲ್ಲ. ಅಂದರೆ ಯಾರೂ ಹಿಡಿದು ನಡೆಸಿದ್ದಲ್ಲ. ಎಂಟನೆಯದಕ್ಕೆ ಬಿದ್ದು, ಎರಡು ಅಂಗೈ ಊರಿ ಎದ್ದಿದ್ದಾಳೆ. ಎಲ್ಲ ಮೊನ್ನೆ ಶುಕ್ರವಾರದ್ದು, ನಾನು ಅಣಶಿಯಲ್ಲಿದ್ದಾಗಿನದು. ಇನ್ನೊಂದು ಸಂಗತಿಯೂ ಆಗಲೇ ತಲೆಗೆ ಹೋಯಿತು. ಹೋಳಿಗೆಯೆಂದರೆ ಬೇಳೆ ಬೇಯಬೇಕು, ಹೂರಣ ರುಬ್ಬಬೇಕು, ಕಣಕ ನೆನೆಯಬೇಕು. ಅರ್ಧ ದಿನದ ಕೆಲಸ. ಮಗಳು ಹೆಜ್ಜೆಯಿಟ್ಟ ಹತ್ತೇ ನಿಮಿಷಕ್ಕೆ ಬುಟ್ಟಿ ತುಂಬ ಹೋಳಿಗೆ ಎಲ್ಲಿಂದ ಬಂತು?

ಹಳೆಯ ಹೆಜ್ಜೆಯನ್ನು ಹೊಸದೆಂದು ತೋರಿಸುವುದು ನನ್ನ ವೃತ್ತಿ. ಆ ವೃತ್ತಿಯಲ್ಲಿ ನನ್ನ ಅತ್ತೆ, ನನ್ನ ಹೆಂಡತಿ, ಅಷ್ಟೇ ಏಕೆ, ಎರಡು ದಿನ ಬಾಯಿ ಕಟ್ಟಿಕೊಂಡಿದ್ದ ರೋಜಿನಾಬಾಯಿಯೂ ನನ್ನನ್ನು ಮೀರಿಸಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನಗಾಗಿ ಒಂದಿಡೀ ಓಣಿ ಸುಳ್ಳು ಹೇಳಿತಲ್ಲ ಎಂದು ಎದೆ ತುಂಬಿ ಬಂತು. ನೀರು ಚಿಮುಕಿಸಿ, ಆ ಗುರುತುಗಳನ್ನು ಕೈಯಿಂದಲೇ ಒರೆಸಿದೆ. ಒಂದನ್ನು ಮಾತ್ರ ಒರೆಸಲು ಮನಸ್ಸಾಗದೆ ಮೇಲೊಂದು ಬುಟ್ಟಿ ಬೋರಲು ಹಾಕಿದೆ. ಒಳಗೆ ಹೋಗಿ ಇನ್ನೆರಡು ಹೋಳಿಗೆ ತಿಂದೆ.

ಆ ಋಣ ತೀರಿಸುವ ಅವಕಾಶ ತಿಂಗಳೊಳಗೇ ಬಂತು. ಗಿರಿಜಾಳಿಗೂ ಒಂದು ಆಸೆಯಿತ್ತು. ಮಗಳ ಮೊದಲ ಮಾತು 'ಅವ್ವ' ಆಗಬೇಕು. ಅದಕ್ಕಾಗಿ ಆರು ತಿಂಗಳಿಂದ ತಪಸ್ಸು ಮಾಡುತ್ತಿದ್ದಳು. ಎರೆಯುವಾಗ ಅವ್ವ, ಉಣಿಸುವಾಗ ಅವ್ವ. ಕೇಳಿ ಕೇಳಿ ನನಗೇ ಅವಳನ್ನು ಅವ್ವ ಎಂದುಬಿಡುವ ಭಯವಿತ್ತು. ತಾರಾ ಮಾತ್ರ 'ಬಬ್ಬಬ್ಬ' ಬಿಟ್ಟು ಬೇರೆ ಮಾತಿಗೆ ಒಪ್ಪಿರಲಿಲ್ಲ. ಮೊದಲ ಹುಟ್ಟುಹಬ್ಬದ ಹಿಂದಿನ ವಾರ ಎಲ್ಲರೂ ಹೊಳೆಯ ಪಕ್ಕದ ಮೌಳಂಗಿಗೆ ತಿರುಗಾಡಲು ಹೋದೆವು. ಹೊಳೆದಂಡೆಯಲ್ಲಿ ಚಾಪೆ ಹಾಸಿದ ಕೂಡಲೇ ಗಿರಿಜಾ, "ಅವ್ವಗ ಚುರಮರಿ ಬೇಕಂತ, ತರ್ತೇವಿ. ನೀವು ಕೂಸಿನ ಹತ್ರ ಇರ್ರಿ" ಎಂದು ತಾಯಿಯನ್ನು ಕರೆದುಕೊಂಡು ಹೋದಳು. ಅರ್ಧ ಗಂಟೆಯಾದರೂ ಬರಲಿಲ್ಲ. ನಾನು ಮಗಳಿಗೆ ನೀರುಕಾಗೆ ತೋರಿಸುತ್ತಿದ್ದೆ. ಆಗ ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಸ್ಪಷ್ಟವಾಗಿ, "ಅಪ್ಪ" ಎಂದಳು. ಮತ್ತೊಮ್ಮೆ ಎಂದಳು.

ಊರಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು. ಅಷ್ಟರಲ್ಲಿ ದೂರದಲ್ಲಿ ಚುರಮರಿ ಪೊಟ್ಟಣ ಹಿಡಿದು ಬರುತ್ತಿದ್ದ ಗಿರಿಜಾ ಕಂಡಳು. ಆರು ತಿಂಗಳ ತಪಸ್ಸು ನೆನಪಾಯಿತು, ಸಗಣಿ ಸಾರಿಸಿದ ನೆಲವೂ ನೆನಪಾಯಿತು. ತುಟಿ ಕಚ್ಚಿಕೊಂಡು, "ಇವತ್ತ ಹೊಳಿ ನೀರು ಭಾಳ ತಣ್ಣಗ ಐತಿ" ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹೌದನ್ರಿ?" ಎಂದು ಪಕ್ಕದಲ್ಲಿ ಕುಳಿತಳು. ನಾಲ್ಕು ದಿನದ ಮೇಲೆ ತಾರಾ ಅಡುಗೆಮನೆಯಲ್ಲಿ 'ಅವ್ವ' ಎಂದಳು. ಗಿರಿಜಾ ಕುಣಿದಾಡಿದಳು. ಅತ್ತೆ ಕೊಬ್ಬರಿ ತುರಿದರು. ನಾನು ಬಹಳ ಆಶ್ಚರ್ಯಪಟ್ಟೆ.

ಇದೆಲ್ಲ ನಡೆದು ಎಂಟು ವರ್ಷವಾಯಿತು. ಅತ್ತೆ ಹಳಿಯಾಳಕ್ಕೆ ಮರಳಿದ್ದಾರೆ. ಹಿತ್ತಲಿಗೆ ಸಿಮೆಂಟು ಬಂದಿದೆ. ಮಗಳು ಈಗ ಮನೆಯೊಳಗೆ ನಡೆಯುವುದೇ ಇಲ್ಲ, ಎಲ್ಲಿಗೂ ಓಟವೇ. ಮೊನ್ನೆ ಶಾಲೆಯಲ್ಲಿ ಬಾಲ್ಯದ ಬಗ್ಗೆ ಬರೆಯಲು ಹೇಳಿದ್ದಾರೆಂದು ನೋಟುಪುಸ್ತಕ ಹಿಡಿದು ಬಂದು, "ನಾ ಮೊದಲ ಮಾತಾಡಿದ್ದು ಏನಬೇ?" ಎಂದು ತಾಯಿಯನ್ನು ಕೇಳಿದಳು. "ಅವ್ವ ಅಂದಿ" ಎಂದಳು ಗಿರಿಜಾ. ಮಗಳು ಬರೆದುಕೊಂಡು ಓಡಿದಳು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದ ತ್ಯಾಗಕ್ಕೆ ಒಬ್ಬ ಸಾಕ್ಷಿಯಾದರೂ ಬೇಡವೇ? ಮೌಳಂಗಿಯ ಕಥೆಯನ್ನು, ನನ್ನ ದೊಡ್ಡ ಮನಸ್ಸಿಗೆ ಎಲ್ಲೆಲ್ಲಿ ಒತ್ತು ಬೇಕೋ ಅಲ್ಲಲ್ಲಿ ಒತ್ತು ಕೊಟ್ಟು, ಹೇಳಿ ಮುಗಿಸಿದೆ. ಕಣ್ಣೀರು ಹಾಕುತ್ತಾಳೆಂದು ಕಾದೆ.

ಗಿರಿಜಾ ಮೆಂತ್ಯೆ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ" ಎಂದಳು. "ಆಕಿ ಅಪ್ಪ ಅನ್ನಾಕ ಹತ್ತಿ ಎಂಟು ದಿನ ಆಗಿತ್ತು. ನಿಮ್ಮ ಮುಂದನ ಮೊದಲ ಅನ್ನಲಿ ಅಂತ ನಿಮ್ಮಿಬ್ಬರನ್ನ ಬಿಟ್ಟು ನಾವು ಚುರಮರಿಗೆ ಹೋಗಿದ್ವಿ. ನೀವು ಕುಣದಾಡತೀರಿ ಅಂತ ನೋಡಿದ್ರ, ನೀರು ತಣ್ಣಗ ಐತಿ ಅಂದ್ರಿ. ನನ್ನ ಸಲುವಾಗಿ ನುಂಗಿಕೊಂಡ್ರಿ ಅಂತ ತಿಳೀತು. ಆಮ್ಯಾಲ ನಾ ಹೆಂಗ ಬಾಯಿ ಬಿಡಲಿ?"

ಎಂಟು ವರ್ಷ ಒಂದು ಗುಟ್ಟನ್ನು ಕಾಯ್ದೆನೆಂದು ಎದೆಯುಬ್ಬಿಸಿಕೊಂಡು ತಿರುಗಿದವನು ನಾನು. ಅದೇ ಗುಟ್ಟನ್ನು ಅವಳು ನನಗಿಂತ ಎಂಟು ದಿನ ಹೆಚ್ಚು ಕಾಯ್ದಿದ್ದಳು.