ಸಿಂಕಿನಡಿಯ ಅಜೈಲ್

ಕಂಪನಿಯ ತಂಡತಂಡಗಳನ್ನೇ ದಾರಿಗೆ ತಂದವನಿಗೆ ಮೂರು ಜನರ ಒಂದು ಅಡುಗೆಮನೆ ಯಾವ ಲೆಕ್ಕ! ಹೀಗೆಂದು ಕೋಚ್ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಪಣ ತೊಟ್ಟ.

ಅವನ ಕೆಲಸ ಸಾಫ್ಟ್‌ವೇರ್ ಬರೆಯುವುದಲ್ಲ, ಬರೆಯುವವರಿಗೆ ಹೇಗೆ ಬರೆಯಬೇಕೆಂದು ಹೇಳುವುದು. ಆ ವಿದ್ಯೆಗೆ ಅಜೈಲ್ ಎಂದು ಹೆಸರು. ದೊಡ್ಡ ಕೆಲಸವನ್ನು ಚೂರು ಚೂರು ಮಾಡಬೇಕು. ಒಂದೊಂದು ಚೂರನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಸಭೆ ಮಾಡಬೇಕು, ಯಾಕೆಂದರೆ ಕೂತರೆ ಮಾತು ಬೆಳೆಯುತ್ತದೆ. ಕೋಚ್ ಇದ್ದ ಕಡೆ ಮಾತು ನಿಂತಾಗಲೂ ಬೆಳೆಯುತ್ತಿತ್ತು, ಅದು ಬೇರೆ ವಿಷಯ.

ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ಇನ್ನು ಮುಂದೆ ಲೈಸೆನ್ಸ್ ಇಲ್ಲದೆ ಮಾರುವ ಹಾಗಿಲ್ಲ ಎಂದು ಆಹಾರ ಇಲಾಖೆಯವರು ಹೇಳಿಬಿಟ್ಟಿದ್ದರು. ಶುಕ್ರವಾರ ಇನ್‌ಸ್ಪೆಕ್ಟರ್ ಬಂದು ಅಡುಗೆಮನೆ ನೋಡುತ್ತಾರೆ. ಪಾಸಾದರೆ ಓವನ್ ಉರಿಯುತ್ತದೆ, ಇಲ್ಲವೆಂದರೆ ಅವಳ ಇಷ್ಟು ವರ್ಷದ ವ್ಯಾಪಾರ ಅಲ್ಲಿಗೆ ಬಂದ್. ಗೋಡೆಗೆ ಬಣ್ಣ ಬಳಿಯಬೇಕು, ಕಿಟಕಿಗೆ ಜಾಲರಿ ಹಾಕಬೇಕು, ಸಿಂಕಿನ ಕೆಳಗೆ ಸೋರುವ ಪೈಪು ಬದಲಾಯಿಸಬೇಕು. ಅವಳೂ ಅವಳ ಅಪ್ಪನೂ ಕೆಲಸಕ್ಕೆ ತೋಳೇರಿಸಿ ನಿಂತಿದ್ದರು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತಿಯಾದವರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಕೋಚ್ ಫ್ರಿಜ್ಜಿನ ಬಾಗಿಲ ತುಂಬಾ ಹಳದಿ ಚೀಟಿ ಅಂಟಿಸಿ ಎರಡು ನಿಯಮ ಸಾರಿದ. ಒಂದು, 'ನಡೀತಿರೋದು' ಅನ್ನುವ ಸಾಲಿನಲ್ಲಿ ಎರಡು ಚೀಟಿಗಿಂತ ಹೆಚ್ಚು ಇರಕೂಡದು. ಅಲ್ಲಿ ಚೀಟಿ ಇಲ್ಲದ ಕೆಲಸವನ್ನು ಯಾರೂ ಮುಟ್ಟಕೂಡದು, ಯಾರ ಚೀಟಿಯೋ ಅವರೇ ಅದನ್ನು ತೆಗೆಯಬೇಕು. ಇನ್ನೊಂದು, ಕೆಲಸ ಮಾಡಿದವರೇ ಅದನ್ನು ಪರೀಕ್ಷೆ ಮಾಡಕೂಡದು. ಪರೀಕ್ಷೆ ಮಾಡುವವರು ಬೇರೆಯವರೇ ಆಗಬೇಕು. ಆ ಬೇರೆಯವರು ಯಾರು ಎಂದು ಯಾರೂ ಕೇಳಲಿಲ್ಲ. ಕೋಚ್ ಆಗಲೇ ಎದೆಯುಬ್ಬಿಸಿ ನಿಂತಿದ್ದ.

ಮಂಗಳವಾರ ಮಾವ ಏಣಿ ಹತ್ತಿ ಎಕ್ಸಾಸ್ಟ್ ಫ್ಯಾನ್ ಒರೆಸುತ್ತಿದ್ದರು. ಚೀಟಿ ಇರಲಿಲ್ಲ. ಕೋಚ್ ಕೆಳಗಿನಿಂದಲೇ ಗದರಿದ. ಶಿಸ್ತಿಲ್ಲದ ತಂಡ ಹಾಳಾಗುವುದೇ ಹೀಗೆ, ಇಳಿಯಿರಿ ಎಂದ. ಮಾವ ಇಳಿದರು. ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಚಿ ಕಟ್ಟೆಯ ಮೇಲಿಟ್ಟು ಹೊರಗೆ ಹೋದರು. ಬಯ್ದಿದ್ದರೆ ವಾಸಿಯಿತ್ತು.

ಬುಧವಾರ ಹೆಂಡತಿ ಬಣ್ಣದ ಡಬ್ಬ ತೆಗೆದಳು. ಸಾಲು ಭರ್ತಿ ಎಂದ ಕೋಚ್. ಅವಳು ಫ್ರಿಜ್ಜಿನ ಹತ್ತಿರ ಹೋಗಿ ನೋಡಿದಳು. ಇದ್ದ ಎರಡರಲ್ಲಿ ಒಂದು ಕಿಟಕಿಯ ಜಾಲರಿ. ಇನ್ನೊಂದು ಸೋಮವಾರದಿಂದ ಅಲುಗದೆ ಕೂತಿತ್ತು. 'ವಿಧಾನದ ಸುಧಾರಣೆ' ಎಂದು ಕೋಚನ ಕೈಬರಹ.

"ರೀ, ಇದು ಯಾವಾಗ ಮುಗಿಯುತ್ತೆ?"

"ಸುಧಾರಣೆ ಮುಗಿಯೋದಲ್ಲ, ನಡೀತಾನೇ ಇರುತ್ತೆ."

"ಹಾಗಾದ್ರೆ ನನ್ನ ಗೋಡೆ?"

"ಅದಕ್ಕೂ ಸರದಿ ಬರುತ್ತೆ."

ಅವಳು ಹಲ್ಲು ಕಚ್ಚಿಕೊಂಡಳು. ಕೋಚ್ ಆಫೀಸಿಗೆ ಹೊರಟು ಗೇಟು ದಾಟಿದ್ದೇ ತಡ, ಅಪ್ಪ ಮಗಳು ಸೇರಿ ಸಂಜೆಯೊಳಗೆ ಗೋಡೆಗೂ ಬಣ್ಣ ಬಳಿದರು, ಜಾಲರಿಯನ್ನೂ ಹೊಡೆದರು. ಸಂಜೆ ಬಂದ ಕೋಚ್ ಮಿಂಚುವ ಗೋಡೆ ನೋಡಿ ಹಿಗ್ಗಲಿಲ್ಲ, ಉರಿದುಬಿದ್ದ. ಇದು ತನಗೆ ಮಾಡಿದ ಮೋಸ, ನಾಳೆಯಿಂದ ರಜೆ ಹಾಕಿ ಮನೆಯಲ್ಲೇ ಕೂರುತ್ತೇನೆ ಎಂದ. ಅಂದಂತೆ ಕೂತೇಬಿಟ್ಟ.

ಗುರುವಾರ ಪೈಪಿನ ಸರದಿ. ಮಾವ ಹಿತ್ತಲಿನ ಮೇನ್ ವಾಲ್ವ್ ಮುಚ್ಚಿ, ಸಿಂಕಿನಡಿ ತಲೆ ತೂರಿಸಿ ಹೊಸ ಪೈಪು ಜೋಡಿಸಿದರು. ನಟ್ಟನ್ನು ಕೈಯಲ್ಲಷ್ಟೇ ತಿರುಗಿಸಿ, ಇನ್ನು ನೀರು ಬಿಟ್ಟು ನೋಡುತ್ತಾ ಬಿಗಿ ಮಾಡುತ್ತೇನೆ ಎಂದು ಎದ್ದರು. ಕೋಚ್ ಅಡ್ಡ ಬಂದ. ನೀರು ಬಿಟ್ಟು ನೋಡುವುದೆಂದರೆ ಪರೀಕ್ಷೆ. ಪರೀಕ್ಷೆ ನಿಮ್ಮದಲ್ಲ, ನನ್ನದು. ನಿಮ್ಮ ಕೆಲಸ ಮುಗಿಯಿತು, ಸ್ಪ್ಯಾನರ್ ಕೆಳಗಿಡಿ.

"ಬಿಗಿ ಆಗಿಲ್ಲ ಇನ್ನೂ."

"ಅದನ್ನ ಪರೀಕ್ಷೆ ಹೇಳುತ್ತೆ ಮಾವ, ನೀವಲ್ಲ."

ಮಾವನ ಮುಖ ಗಂಟಾಯಿತು. "ಹೇಳಲಿ ಬಿಡಿ ಅಳಿಯಂದಿರೇ," ಎಂದರು.

ಶುಕ್ರವಾರ ಬೆಳಿಗ್ಗೆ ನಿಂತು ಮಾಡುವ ಸಭೆಯಲ್ಲಿ ಕೋಚ್ ಒಬ್ಬನೇ ಮಾತಾಡಿದ. ಪರೀಕ್ಷೆ ಎಂದರೆ ಮುಟ್ಟಿ ನೋಡುವುದಲ್ಲ, ಮುರಿಯುವ ಹಾಗೆ ನೋಡುವುದು ಎಂದು ವಿವರಿಸಿ, ರಜೆಯಲ್ಲೂ ಬಿಡದ ಆಫೀಸಿನ ಷೂ ಹಾಕಿಕೊಂಡೇ ಹಿತ್ತಲಿಗೆ ಹೋಗಿ ವಾಲ್ವನ್ನು ಕೊನೆಯವರೆಗೂ ತಿರುಗಿಸಿದ. ಬಂದು ನಲ್ಲಿಯನ್ನೂ ಪೂರ್ತಿ ತೆರೆದ.

ಪೈಪು ಸಿಂಕಿನಡಿಯಿಂದ ಹಾರಿ ಅವನ ಮೊಣಕಾಲಿಗೆ ಬಡಿಯಿತು. ನೀರು ಒಲೆಯ ಕಾಲು ತೊಳೆಯಿತು, ಮೈದಾ ಚೀಲದ ಬುಡ ನೆನೆಸಿತು, ಫ್ರಿಜ್ಜಿನಡಿಗೂ ನುಗ್ಗಿತು. ಕೋಚ್ ಎರಡೂ ಅಂಗೈಯಿಂದ ಪೈಪಿನ ಬಾಯಿ ಮುಚ್ಚಿದ. ಅದು ಬೆರಳ ಸಂದಿಯಿಂದ ಅವನ ಮುಖಕ್ಕೇ ಉಗಿಯಿತು.

"ಮಾವ, ಸ್ಪ್ಯಾನರ್!"

ಮಾವ ಸ್ಪ್ಯಾನರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಣ್ಣು ಫ್ರಿಜ್ಜಿನ ಮೇಲಿತ್ತು.

"ಸಾಲು ಭರ್ತಿ ಇದೆಯಲ್ಲಾ. ಓವನ್ ಒರೆಸೋದು ಒಂದು, ನಿಮ್ಮ ಸುಧಾರಣೆ ಒಂದು."

"ಅಯ್ಯೋ, ನನ್ನದನ್ನ ಕಿತ್ತು ಬಿಸಾಕಿ!"

"ನಾನು ಹೇಗೆ ಕೀಳಲಿ? ನಿಮ್ಮ ಚೀಟಿ ನೀವೇ ತೆಗೀಬೇಕು ಅಂದಿದ್ರಿ."

ಹೆಂಡತಿಯ ಕಣ್ಣು ಕೆಂಡವಾಯಿತು. ಗಂಡನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಇಬ್ಬರಿಗೂ ಇದು ಜಿದ್ದು. ಹೋಗುತ್ತಿರುವುದು ತನ್ನ ಬದುಕು.

"ನಿಮ್ಮಿಬ್ಬರ ಹಟಕ್ಕೆ ನನ್ನ ಅಂಗಡಿ ಮುಚ್ಚಬೇಕಾ? ಅಪ್ಪಾ, ಬಗ್ಗು. ರೀ, ನೀವು ಆಚೆ ಸರೀರಿ."

ಅವಳು ಹಿತ್ತಲಿಗೆ ಓಡಿ ವಾಲ್ವ್ ಮುಚ್ಚಿದಳು. ಮಾವ ತಲೆ ತಗ್ಗಿಸಿ ಸಿಂಕಿನಡಿ ಹೋದರು. ಪೈಪು ಸಿಕ್ಕಿಸಿ, ಅವಳು ತೆರೆದ ನೀರು ನೋಡುತ್ತಾ ನಟ್ಟು ಬಿಗಿದರು. ಇಬ್ಬರೂ ನೀರು ಬಾಚಿ ನೆಲ ಒರೆಸುತ್ತಿರುವಾಗಲೇ ಕರೆಗಂಟೆ ಸದ್ದಾಯಿತು. ಹಿತ್ತಲಿಗೆ ಸರಿದಿದ್ದ ಕೋಚ್ ಷೂ ಕಾಲಲ್ಲೇ ಒಳಗೆ ಬಂದ.

ಇನ್‌ಸ್ಪೆಕ್ಟರ್ ಹೆಂಗಸು ಷೂ ಹೊರಗೆ ಬಿಟ್ಟು ಒಳಗೆ ಬಂದರು. ಗೋಡೆಗೆ ಬೆರಳು ತಾಗಿಸಿದರು, ಜಾಲರಿ ಎಳೆದು ನೋಡಿದರು. ನೆನೆದ ಮೈದಾ ಚೀಲವನ್ನು ಈಗಲೇ ಹೊರಗೆ ಹಾಕಬೇಕು ಎಂದರು. ನಲ್ಲಿ ಬಿಟ್ಟು ಸಿಂಕಿನಡಿ ಬಗ್ಗಿದರು. ಒಂದು ಹನಿಯೂ ಇಲ್ಲ. ಆಮೇಲೆ ಅವರ ದೃಷ್ಟಿ ಒರೆಸಿದ ನೆಲದ ಮೇಲಿದ್ದ ಕೆಸರು ಹೆಜ್ಜೆಗಳ ಮೇಲೆ ಬಿತ್ತು. ಹಿತ್ತಲಿನಿಂದ ಹೊರಟ ಹೆಜ್ಜೆಗಳು ಕೋಚನ ಷೂಗಳಲ್ಲಿ ಮುಗಿದಿದ್ದವು.

"ಇವರು ಇಲ್ಲಿ ಏನು ಕೆಲಸ ಮಾಡ್ತಾರೆ?"

ಕೋಚ್ ಗಂಟಲು ಸರಿಮಾಡಿಕೊಂಡ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಗಂಟೆಗಟ್ಟಲೆ ವಿವರಿಸಿದ ವಿಷಯ. ಆದರೆ ಆ ಒದ್ದೆ ಪ್ಯಾಂಟಿನಲ್ಲಿ ಅವನಿಗೆ ಒಂದು ವಾಕ್ಯವೂ ಹೊಳೆಯಲಿಲ್ಲ.

ಇನ್‌ಸ್ಪೆಕ್ಟರ್ ತಾವೇ ತೀರ್ಮಾನಿಸಿದರು. ಅಡುಗೆಮನೆ ಪಾಸು, ಲೈಸೆನ್ಸ್ ಕೊಡುತ್ತೇನೆ, ಆದರೆ ಒಂದು ಷರತ್ತು ಎಂದರು. ಓವನ್ ಹಚ್ಚಿರುವಾಗ ಇವರು ಒಳಗೆ ಕಾಲಿಡುವಂತಿಲ್ಲ.

ಕೋಚ್ ಹೆಂಡತಿಯ ಮುಖ ನೋಡಿದ. ಕಟ್ಟಿಕೊಂಡವಳು, ಇಂಥ ಅವಮಾನಕ್ಕೆ ಒಂದು ಮಾತಾದರೂ ಆಡುತ್ತಾಳೆ ಎಂದು ಆಸೆಪಟ್ಟ. ಅವಳು ಆಡಿದಳು.

"ಬರೀ ಓವನ್ ಹಚ್ಚಿದಾಗ ಮಾತ್ರಾನಾ ಮೇಡಂ? ಇಡೀ ದಿನಕ್ಕೆ ಅಂತ ಮಾಡೋಕೆ ಬರಲ್ವಾ?"