ನೋವಿಗೆ ಎರಡೇ ಅಂಕ

ಜಗತ್ತಿನಲ್ಲಿ ಅಳೆಯಲಾಗದ ವಸ್ತುವಿಲ್ಲ, ಅಳೆಯಲು ಬಾರದ ಜನರಿದ್ದಾರೆ ಅಷ್ಟೇ ಎಂಬುದು ತಕ್ಕಡಿರಾಯನ ಸಿದ್ಧಾಂತ. ಅಂಗಡಿಗಳ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸರಕಾರಿ ಇನ್‌ಸ್ಪೆಕ್ಟರಾದ್ದರಿಂದ ಅವನಿಗೆ ಆ ಅಡ್ಡಹೆಸರು. ಇಪ್ಪತ್ತು ವರ್ಷಗಳ ಸೇವೆಯಲ್ಲಿ ಹತ್ತು ಗ್ರಾಮಿನ ಮೋಸವೂ ಅವನ ಕಣ್ಣು ತಪ್ಪಿಸಿರಲಿಲ್ಲ. (ಹೆಂಡತಿಯ ಕಣ್ಣು ತಪ್ಪಿಸಿ ಅವನು ಹಾಕಿಕೊಳ್ಳುವ ಎರಡನೆಯ ಚಮಚ ಸಕ್ಕರೆ ಈ ಲೆಕ್ಕಕ್ಕೆ ಸೇರಿಲ್ಲ.)

ಅಮ್ಮನ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿದೆ, ವಾಸಿಯಾಗುವ ಮಾತಿಲ್ಲ, ನೋವಾದರೂ ಕಾಡದಂತೆ ನೋಡಿಕೊಳ್ಳೋಣ ಎಂದು ಡಾಕ್ಟರಮ್ಮ ಹೇಳಿದಾಗ ಅವನು ಕುಸಿದು ಕೂತದ್ದು ನಿಜ. ಎತ್ತಿ ನಿಲ್ಲಿಸಿದ್ದು ಆಕೆಯ ಮುಂದಿನ ಮಾತು: "ದಿನಾ ಬೆಳಿಗ್ಗೆ ನೋವು ಹತ್ತಕ್ಕೆ ಎಷ್ಟಿದೆ ಅಂತ ಕೇಳಿ ಬರ್ಕೊಳ್ಳಿ. ಅದನ್ನ ನೋಡಿ ಔಷಧಿ ಹೆಚ್ಚುಕಮ್ಮಿ ಮಾಡೋಣ." ನೋವಿಗೂ ಅಳತೆಗೋಲಿದೆಯೆಂದಮೇಲೆ, ತನ್ನ ಇಲಾಖೆಯೇ ಆಸ್ಪತ್ರೆಗೆ ವರ್ಗವಾಗಿ ಬಂದಷ್ಟು ಧೈರ್ಯ ಅವನಿಗೆ.

ಗ್ರಾಫ್ ಹಾಳೆ ಗೋಡೆಯೇರಿತು. ಏಳು ಗಂಟೆಗೆ ಸರಿಯಾಗಿ ಅವನು ಮಂಚದ ಪಕ್ಕ ಪೆನ್ನು ಹಿಡಿದು ನಿಲ್ಲುತ್ತಿದ್ದ.

"ಅಮ್ಮ, ಹತ್ತಕ್ಕೆ ಎಷ್ಟು?"

"ಎರಡು ಅಂತ ಬರ್ಕೊಳಪ್ಪ."

"ಬರ್ಕೊಳ್ಳೋದು ಬೇರೆ, ಇರೋದು ಎಷ್ಟು?"

"ಇರೋದೂ ಎರಡೇ. ತಲೆ ತಿನ್ನಬೇಡ, ಕೆಲಸಕ್ಕೆ ಹೊತ್ತಾಗುತ್ತೆ ಹೋಗು."

ಇಪ್ಪತ್ತೊಂದು ದಿನ, ಇಪ್ಪತ್ತೊಂದು ಎರಡು. ಜೊತೆಗೆ ಮನೆಯಲ್ಲಿ ಇನ್ನೊಂದು ಪವಾಡವೂ ನಡೆದಿತ್ತು. ಹದಿನೆಂಟು ವರ್ಷ ಎಣ್ಣೆ ಸೀಗೆಕಾಯಿಯಂತಿದ್ದ ಅತ್ತೆ ಸೊಸೆಯರ ನಡುವೆ ಕದನವಿರಾಮ ಘೋಷಣೆಯಾಗಿತ್ತು. ಉಪ್ಪು ಮುಂದಾಯಿತು, ಚಾದರ ಸುಕ್ಕಾಯಿತು, ಕಿಟಕಿಯಲ್ಲಿ ಧೂಳು ಎಂದು ದಿನಕ್ಕೆ ಹತ್ತು ತಪ್ಪು ಹುಡುಕುತ್ತಿದ್ದ ಅಮ್ಮ ಈಗ ಎಲ್ಲಕ್ಕೂ "ಚೆನ್ನಾಗಿದೆಯಮ್ಮ" ಎನ್ನುತ್ತಿದ್ದಳು.

"ಅಮ್ಮ ಎಷ್ಟು ಮೆತ್ತಗಾಗಿದಾಳೆ ನೋಡಿದ್ಯಾ? ಔಷಧಿ ಹಿಡಿಸಿದೆ," ಎಂದ ತಕ್ಕಡಿರಾಯ, ಔಷಧಿಯನ್ನು ತಾನೇ ಕಂಡುಹಿಡಿದವನಂತೆ.

ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ನಿಮ್ಮ ಹಾಳೆ ಸುತ್ತಿಡಿ. ನಿನ್ನೆ ಹಾಲು ಸೀದು ವಾಸನೆ ಬೀದಿಗೆ ಹೋಗಿತ್ತು. ಅದಕ್ಕೂ ಚೆನ್ನಾಗಿದೆಯಮ್ಮ ಅಂದ್ರು."

"ಒಳ್ಳೇದೇ ಆಯ್ತಲ್ಲ."

"ಏನು ಒಳ್ಳೇದು? ಅವರಿಗೆ ಬೈಯೋಕೂ ತ್ರಾಣ ಇಲ್ಲ ರೀ. ನಿಮ್ಮನ್ನ ಹೆರೋವಾಗ್ಲೂ ಹಲ್ಲು ಕಚ್ಚಿ ಸುಮ್ಮನಿದ್ದೋರು ಅಂತ ನೀವೇ ಜಂಬ ಕೊಚ್ಕೋತೀರಿ. ನೋವು ಅಂತ ಬಾಯಿಬಿಟ್ಟು ಹೇಳೋದು ಅವರ ಕಾಲದೋರಿಗೆ ಮಾನ ಹೋದ ಹಾಗೆ. ನೀವು ಪೆನ್ನು ಹಿಡಿದು ನಿಂತ್ರೆ ಹೇಳ್ಬಿಡ್ತಾರಾ?"

"ಅದು ನಿನ್ನ ಊಹೆ. ಪುರಾವೆ ಎಲ್ಲಿ?"

ಅವಳು ತೋಳು ಮೇಲೆತ್ತಿದಳು. ಮೊಣಕೈ ಹತ್ತಿರ ನಾಲ್ಕು ಉಗುರಿನ ಗುರುತು, ಹಳೆಯದರ ಮೇಲೆ ಹೊಸದು. "ಮಗ್ಗುಲು ತಿರುಗಿಸೋವಾಗ ಹೀಗೆ ಹಿಡ್ಕೋತಾರೆ. ಇದು ಹತ್ತಕ್ಕೆ ಎಷ್ಟು ಅಂತ ಬರ್ಕೋತೀರಿ?"

ಅಂದೇ ಇಬ್ಬರೂ ಆಸ್ಪತ್ರೆಗೆ ಹೋದರು. ಅವನು ಸುತ್ತಿದ್ದ ಗ್ರಾಫ್ ಬಿಚ್ಚುವಷ್ಟರಲ್ಲಿ ಹೆಂಡತಿ, "ಡಾಕ್ಟ್ರೇ, ಹತ್ತು ದಿನದಿಂದ ನಮ್ಮತ್ತೆ ನನ್ನನ್ನ ಒಂದು ಮಾತೂ ಬೈದಿಲ್ಲ," ಎಂದಳು.

ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಮೊದಲೇ ಹೇಳಬಾರದಿತ್ತಾ?" ಎಂದು ಔಷಧಿ ಏರಿಸಿದರು. ಗ್ರಾಫನ್ನು ಯಾರೂ ಕೇಳಲಿಲ್ಲ.

ಮೂರನೆಯ ದಿನ ಕೋಣೆಯಿಂದ ಸಣ್ಣ ದನಿ ಬಂತು: "ಚಾದರ ಹಾಸಿದ್ದು ಯಾರು? ಹೀಗಾ ಹಾಸೋದು?" ಸೊಸೆ ಅಡುಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. (ಬೈಸಿಕೊಂಡ ದುಃಖಕ್ಕೆಂದು ತಿಳಿದು ಸಮಾಧಾನ ಹೇಳಲು ಹೋದ ಗಂಡನಿಗೆ ಅಲ್ಲಿ ಸಿಕ್ಕ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ.)

ಅವನು ಅಮ್ಮನ ಪಕ್ಕ ಬಂದು ಕೂತ.

"ಮೂರು ವಾರ ಯಾಕಮ್ಮ ಸುಳ್ಳು ಹೇಳಿದೆ?"

"ಮೊದಲನೇ ದಿನ ನಿಜ ಹೇಳೋಣ ಅಂತಲೇ ಇದ್ದೆ ಕಣೋ. ನಿನ್ನ ಪೆನ್ನು ನಡುಗ್ತಿತ್ತು."

"ಹಾಗಾದ್ರೆ ನಿಜವಾಗ್ಲೂ ಎಷ್ಟಿತ್ತು?"

"ಈಗ ಕೇಳಿ ಏನ್ಮಾಡ್ತೀಯ?" ಎಂದಳು ಅಮ್ಮ. "ಮುಖ ಒರೆಸ್ಕೋ. ಅವಳು ಬರ್ತಿದಾಳೆ."